ಧಾರಣೆಯ ಏರಿಳಿತ ಮತ್ತು ಇಚ್ಛಾಪರಿಮಾಣ

ಬೆಲೆ ಎಂಬುದು ಪೂರೈಕೆ ಮತ್ತು ಬೇಡಿಕೆಗಳ ತೂಗಾಟದಿಂದ ತಾನಾಗಿ ಹುಟ್ಟುವ ಸಂಖ್ಯೆ, ಅದರಲ್ಲಿ ಪುಣ್ಯಪಾಪಗಳ ವಿಚಾರಕ್ಕೆ ಎಡೆಯಿಲ್ಲ ಎಂಬ ಮಾತು ಇಂದು ಪೇಟೆಯಲ್ಲಿಯೂ ಪಾಠಶಾಲೆಯಲ್ಲಿಯೂ ಒಂದೇ ಸಮನೆ ಕೇಳಿಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರನು ದಿನದ ಧಾರಣೆಯನ್ನು ಮಳೆಬಿಸಿಲಿನಂತೆಯೇ ಸ್ವೀಕರಿಸುತ್ತಾನೆ. ಅದು ಏರಿದರೆ ಅದೃಷ್ಟ, ಇಳಿದರೆ ಗ್ರಹಚಾರ. ಆದರೆ ಮಳೆಗೆ ಮನಸ್ಸಿಲ್ಲ, ಮಾರುಕಟ್ಟೆಗೆ ಇದೆ. ಅದು ಸಾವಿರಾರು ಮಂದಿಯ ಆಸೆ, ಅಂಜಿಕೆ, ಲೆಕ್ಕಾಚಾರಗಳಿಂದ ಕೂಡಿದ ಮನಸ್ಸು. ಈ ಮನಸ್ಸನ್ನು ಕುರಿತು ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಹೇಳುವುದೇನು, ಅದು ಇಂದಿನ ವ್ಯವಹಾರಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಮತ್ತು ಎಲ್ಲಿ ಅದನ್ನು ಎಚ್ಚರದಿಂದ ಓದಬೇಕು ಎಂಬುದು ವಿಚಾರಣೀಯವಾಗಿದೆ.

ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುವುದು ಶ್ರಾವಕಾಚಾರ ಗ್ರಂಥಗಳ ಪದ್ಧತಿ. ‘ತತ್ತ್ವಾರ್ಥಸೂತ್ರ’ವು ಹೇಳುವ ಐದೂ ಅಳತೆಗೆ ಸಂಬಂಧಿಸಿದವು. ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯ ಮೊದಲಾದವುಗಳಿಗೆ ತಾನು ಹಾಕಿಕೊಂಡ ಮಿತಿಯನ್ನು ಮೀರುವುದೇ ಅಲ್ಲಿ ದೋಷ. ಸಮಂತಭದ್ರರು ಈ ದಾರಿಯನ್ನು ಬಿಟ್ಟು ಬೇರೆಯೇ ಐದನ್ನು ಹೇಳುತ್ತಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಇಲ್ಲಿ ಎಷ್ಟು ಇದೆ ಎಂಬುದಕ್ಕಿಂತ ಹೇಗೆ ನಡೆದುಕೊಳ್ಳುತ್ತಾನೆ ಎಂಬುದೇ ಮುಖ್ಯವಾಗಿದೆ. ಟೀಕಾಕಾರರಾದ ಪ್ರಭಾಚಂದ್ರರು ನಡುವಿನ ಮೂರಕ್ಕೆ ಕೊಡುವ ವಿವರಣೆಯಂತೂ ನೇರವಾಗಿ ವ್ಯಾಪಾರದ್ದು. ಮುಂದೆ ಹೆಚ್ಚಿನ ಲಾಭ ಬಂದೀತೆಂಬ ಆಸೆಯಿಂದ ಧಾನ್ಯಾದಿಗಳನ್ನು ಕೂಡಿಡುವುದು ಅತಿಸಂಗ್ರಹ. ಮಾರಿದ ಮೇಲೆ ಬೆಲೆ ಏರಿದುದನ್ನು ಕಂಡು ಕೊರಗುವುದು ಅತಿವಿಸ್ಮಯ. ಒಳ್ಳೆಯ ಬೆಲೆ ಬಂದರೂ ಇನ್ನೂ ಬರಲೆಂದು ಹಂಬಲಿಸುವುದು ಅತಿಲೋಭ. ಕೂಡಿಡುವ ಕೈ, ಕೊರಗುವ ಮನಸ್ಸು, ತೃಪ್ತಿಯಿಲ್ಲದ ಕಣ್ಣು ಈ ಮೂರೂ ಸೇರಿದಾಗಲೇ ಪೇಟೆಯಲ್ಲಿ ತೇಜಿಮಂದಿ ಕಾಣಿಸಿಕೊಳ್ಳುತ್ತದೆ.

ಈ ಮಾತಿನ ಸತ್ಯವನ್ನು ಪರೀಕ್ಷಿಸಲು ಬಳಕೆಯ ಮೌಲ್ಯ ತೀರ ಕಡಿಮೆಯಿರುವ ಒಂದು ವಸ್ತುವನ್ನು ನೋಡುವುದು ಉಚಿತ. 1993ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬವರು ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡ್ ಆಟದಲ್ಲಿ ಆಟಗಾರರು ಕಾರ್ಡುಗಳನ್ನು ಕೊಳ್ಳುತ್ತಾರೆ, ಮಾರುತ್ತಾರೆ, ವಿನಿಮಯ ಮಾಡಿಕೊಳ್ಳುತ್ತಾರೆ. ಕಾರ್ಡನ್ನು ಅಚ್ಚು ಹಾಕುವ ಕಂಪನಿಗೆ ಕಾಗದದ ಕೊರತೆಯಿಲ್ಲ, ಕೊರತೆಯೇನಿದ್ದರೂ ಅದರ ನಿರ್ಧಾರದಿಂದ ಬಂದದ್ದು. 1995ರಲ್ಲಿ ಕಂಪನಿಯು ಹಳೆಯ ಕಾರ್ಡುಗಳನ್ನು ಮರುಮುದ್ರಿಸಿದಾಗ ಅವುಗಳ ಬೆಲೆ ಕುಸಿಯಿತು, ಕೂಡಿಟ್ಟವರು ಪ್ರತಿಭಟಿಸಿದರು. 1996ರಲ್ಲಿ ಕಂಪನಿಯು ಕೆಲವು ಕಾರ್ಡುಗಳನ್ನು ಇನ್ನೆಂದಿಗೂ ಮುದ್ರಿಸುವುದಿಲ್ಲವೆಂದು ಪಟ್ಟಿಯೊಂದನ್ನು ಪ್ರಕಟಿಸಿ ಮಾತು ಕೊಟ್ಟಿತು. ಆ ಪಟ್ಟಿಯಲ್ಲಿರುವ ‘ಬ್ಲ್ಯಾಕ್ ಲೋಟಸ್’ ಎಂಬ ಒಂದು ಕಾರ್ಡು, ಮೊದಲ ಮುದ್ರಣದ್ದು, 2021ರಲ್ಲಿ 5,11,100 ಡಾಲರಿಗೆ ಹರಾಜಾಯಿತು. ಉಣ್ಣಲು ಬಾರದ, ಉಡಲು ಬಾರದ ಒಂದು ತುಂಡು ಕಾಗದಕ್ಕೆ ಈ ಬೆಲೆ ಬಂದದ್ದು ಇನ್ನು ಬರುವುದಿಲ್ಲ ಎಂಬ ಭರವಸೆಯಿಂದ.

2002ರಿಂದ ಈ ಆಟವು ಗಣಕಯಂತ್ರದ ಜಾಲದಲ್ಲಿಯೂ ನಡೆಯಿತು. ಅಲ್ಲಿ ಕಾಗದವೂ ಇಲ್ಲ. ಕಾರ್ಡು ಬರಿಯ ಒಂದು ದಾಖಲೆ. ಆದರೂ ಕೊರತೆಯಿತ್ತು, ಧಾರಣೆಯಿತ್ತು, ಹಗಲಿರುಳು ಕೊಡುಕೊಳ್ಳುವ ಯಂತ್ರದಲ್ಲಾಳಿಗಳೂ ಇದ್ದರು. ಗಾರ್ಫೀಲ್ಡರೇ ರೂಪಿಸಿದ ‘ಆರ್ಟಿಫ್ಯಾಕ್ಟ್’ ಎಂಬ ಇನ್ನೊಂದು ಆಟವು 2018ರ ನವೆಂಬರಿನಲ್ಲಿ ಬಂದಿತು. ಅದರ ಕಾರ್ಡುಗಳಿಗೆ ಬಹಿರಂಗ ಪೇಟೆಯಿತ್ತು, ಪ್ರತಿ ಮಾರಾಟದಲ್ಲಿಯೂ ಕಂಪನಿಗೆ ಪಾಲಿತ್ತು. ಕೆಲವೇ ತಿಂಗಳಲ್ಲಿ ಆಟಗಾರರು ಬಿಟ್ಟುಹೋದರು, ಕಾರ್ಡುಗಳ ಬೆಲೆ ಬಿದ್ದಿತು. 2021ರಲ್ಲಿ ಕಂಪನಿಯು ಅಭಿವೃದ್ಧಿಯನ್ನು ನಿಲ್ಲಿಸಿ ಆಟವನ್ನು ಉಚಿತವಾಗಿ ಬಿಟ್ಟುಕೊಟ್ಟಿತು. ಒಂದೆಡೆ ಕೊರತೆಯ ಭರವಸೆ, ಇನ್ನೊಂದೆಡೆ ಆಡುವವರ ಅಭಾವ; ಇವೆರಡರ ನಡುವೆ ಕಾರ್ಡು ಮಾತ್ರ ಇದ್ದಂತೆಯೇ ಇತ್ತು. ಬದಲಾದದ್ದು ಮನಸ್ಸು. ಬೆಲೆಯು ಮನಸ್ಸಿನ ಕಾರ್ಯವೆಂದು ಬಗೆದ ಸಮಂತಭದ್ರರ ದೃಷ್ಟಿಗೆ ಇದಕ್ಕಿಂತ ಶುದ್ಧವಾದ ನಿದರ್ಶನ ದೊರೆಯುವುದು ಕಷ್ಟ.

ಆದರೆ ಕಾರ್ಡಿನ ಪೇಟೆಯಲ್ಲಿ ಸೋತವನು ಕಳೆದುಕೊಳ್ಳುವುದು ವಿನೋದದ ಹಣವನ್ನು. ಅಡಿಕೆಯ ಪೇಟೆಯಲ್ಲಿ ಸೋತವನು ಕಳೆದುಕೊಳ್ಳುವುದು ಮನೆಯ ಅನ್ನವನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಡಿಕೆಯ ಪೂರೈಕೆಯು ಯಾರ ಒಂದು ಆಜ್ಞೆಗೂ ಒಳಪಟ್ಟುದಲ್ಲ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಆ ಬಳಿಕ ಮರವು ದಶಕಗಳ ಕಾಲ ಫಲ ಕೊಡುತ್ತದೆ. ಬೆಲೆ ಏರಿತೆಂದು ಇಂದು ನೆಟ್ಟವನ ಅಡಿಕೆ ಪೇಟೆಗೆ ಬರುವಾಗ ಆ ಬೆಲೆ ಇರುವುದಿಲ್ಲ. ಬೆಲೆ ಇಳಿಯಿತೆಂದು ತೋಟವನ್ನು ಕಡಿಯಲೂ ಆಗದು. ಬೇಡಿಕೆಯಾದರೋ ಹೆಚ್ಚಿನ ಪಾಲು ಉತ್ತರ ಭಾರತದ ಪಾನ್ ಮಸಾಲೆ ಕಾರ್ಖಾನೆಗಳಿಂದ ಬರುತ್ತದೆ. ಬೆಳೆಗಾರನಿಗೆ ಅಲ್ಲಿಯ ದಾಸ್ತಾನಿನ ಸುದ್ದಿ ತಿಳಿಯುವುದು ಕಡೆಗೆ.

2000ದ ಸುಮಾರಿಗೆ ಆರಂಭವಾದ ಧಾರಣೆಯ ಕುಸಿತ ಮಲೆನಾಡಿನ ಮನೆಮನೆಯನ್ನು ತಟ್ಟಿತು. 2014ರಲ್ಲಿ ಕೆಂಪಡಿಕೆಯು ಹಿಂದೆ ಕಾಣದ ಎತ್ತರಕ್ಕೆ ಏರಿ ಮತ್ತೆ ಇಳಿಯಿತು. ಏರುವ ಕಾಲದಲ್ಲಿ ಪ್ರಭಾಚಂದ್ರರು ಹೇಳಿದ ಮೂರೂ ಕಾಣಿಸಿಕೊಳ್ಳುತ್ತವೆ. ರಾಶಿಯನ್ನೂ ಬೆಟ್ಟೆಯನ್ನೂ ಮಾರದೆ ಅಟ್ಟದ ಮೇಲೆ ಇಡುವವರು, ಮೊನ್ನೆ ಮಾರಿದೆನೆಂದು ಹಳಹಳಿಸುವವರು, ನೆರೆಯವನ ಗದ್ದೆಯಲ್ಲಿ ಸಸಿ ಕಂಡು ತನ್ನ ಅನ್ನದ ಗದ್ದೆಗೂ ಸಸಿ ತರುವವರು ಎಲ್ಲ ಊರಿನಲ್ಲಿಯೂ ಸಿಗುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ತೋಟಗಳನ್ನು ಎಲೆಚುಕ್ಕಿ ರೋಗವು ಬಾಧಿಸುತ್ತಿದೆ. ರೋಗದಿಂದ ಪೂರೈಕೆ ಕುಗ್ಗಿದರೆ ಬೆಲೆ ಏರಬಹುದು. ಆಗ ರೋಗ ಮುಟ್ಟದ ತೋಟದವನ ಲಾಭದಲ್ಲಿ ರೋಗ ಮುಟ್ಟಿದವನ ನಷ್ಟವು ಅಡಗಿರುತ್ತದೆ. ಧಾರಣೆಯ ಪಟ್ಟಿ ಇದನ್ನು ಹೇಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಎರಡೆಕರೆ ತೋಟದ ಬೆಳೆಗಾರನು ನಾಲ್ಕು ಮೂಟೆ ಅಡಿಕೆಯನ್ನು ಮಳೆಗಾಲದವರೆಗೆ ಇಟ್ಟುಕೊಂಡರೆ ಅದನ್ನು ಅತಿಸಂಗ್ರಹವೆಂದು ಕರೆಯುವುದು ನ್ಯಾಯವೆ? ಸೂಕ್ಷ್ಮವಾಗಿ ನೋಡಿದರೆ ನ್ಯಾಯವಲ್ಲ. ಕೊಯ್ಲು ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಬಳಕೆ ವರ್ಷವಿಡೀ ನಡೆಯುತ್ತದೆ. ನಡುವಿನ ಕಾಲದಲ್ಲಿ ಯಾರಾದರೂ ಅಡಿಕೆಯನ್ನು ಇಟ್ಟುಕೊಂಡಿರಲೇಬೇಕು. ಎಲ್ಲರೂ ಕೊಯ್ಲಿನಲ್ಲಿಯೇ ಮಾರಿದರೆ ಕಡಿಮೆ ಬೆಲೆಗೆ ಕೊಂಡು ಇಟ್ಟುಕೊಳ್ಳುವವನು ಬಂಡವಾಳವುಳ್ಳ ವರ್ತಕ. ಮಂಡಿಯಿಂದ ಮುಂಗಡ ತಂದವನಿಗಂತೂ ಇಟ್ಟುಕೊಳ್ಳುವ ಸ್ವಾತಂತ್ರ್ಯವೇ ಇರುವುದಿಲ್ಲ. ಅಲ್ಲದೆ ಟೀಕಾಕಾರರು ಹೇಳುವುದು ಧಾನ್ಯದ ಮಾತು. ಧಾನ್ಯವನ್ನು ಕೂಡಿಟ್ಟರೆ ಇನ್ನೊಬ್ಬನು ಹಸಿಯುತ್ತಾನೆ. ಅಡಿಕೆಯನ್ನು ಕೂಡಿಟ್ಟರೆ ಯಾರೂ ಹಸಿಯುವುದಿಲ್ಲ. ಆದ್ದರಿಂದ ‘ಸಂಗ್ರಹ’ ಎಂಬ ಪದಕ್ಕಿಂತ ‘ಅತಿ’ ಎಂಬ ಉಪಸರ್ಗಕ್ಕೇ ಇಲ್ಲಿ ಹೆಚ್ಚಿನ ತೂಕ. ಸಂಸಾರದ ಭದ್ರತೆಗಾಗಿ ಇಟ್ಟುಕೊಳ್ಳುವುದು ಸಂಗ್ರಹ. ಸಾಲಕ್ಕೆ ಬಡ್ಡಿ ಬೆಳೆಯುತ್ತಿದ್ದರೂ, ಕೂಲಿಯವರ ಬಾಕಿ ಉಳಿದಿದ್ದರೂ, ಇನ್ನೂ ಏರೀತೆಂದು ಇಟ್ಟುಕೊಳ್ಳುವುದು ಅತಿಸಂಗ್ರಹ. ಮೂಟೆಗಳ ಸಂಖ್ಯೆ ಒಂದೇ ಇರಬಹುದು, ಆದರೆ ದೋಷ ಒಂದರಲ್ಲಿ ಮಾತ್ರ.

ಈ ಭೇದವನ್ನು ಶಾಸ್ತ್ರಜ್ಞರಿಗಿಂತ ಮೊದಲು ಕೃಷಿಕರೇ ವ್ಯವಹಾರದಲ್ಲಿ ಕಂಡುಕೊಂಡರೆಂಬುದು ಗಮನಾರ್ಹ. 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ ಮ್ಯಾಮ್‌ಕೋಸ್ ಸಹಕಾರ ಸಂಘವಾಗಲಿ, ಧಾರಣೆ ಕುಸಿದ ಕಾಲದಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಆಗಲಿ ಮಾಡಿದ್ದು ಸಂಗ್ರಹವನ್ನೇ. ಆದರೆ ಅದು ಹಲವರು ಕೂಡಿ ಹಲವರಿಗಾಗಿ ಮಾಡಿದ ಸಂಗ್ರಹ. ಒಬ್ಬನು ಭಯದಿಂದ ಮಾರುವುದನ್ನೂ ಇನ್ನೊಬ್ಬನು ಲೋಭದಿಂದ ಹಿಡಿಯುವುದನ್ನೂ ತಗ್ಗಿಸುವುದು ಅದರ ಗುರಿ. ಸಂಘಗಳು ಎಲ್ಲ ಕಾಲದಲ್ಲಿಯೂ ಈ ಗುರಿಯನ್ನು ಮುಟ್ಟಿವೆಯೆಂದಲ್ಲ. ದಾರಿ ಮಾತ್ರ ಸರಿಯಾದುದು.

ಬೆಲೆಯ ಪ್ರಶ್ನೆಗೆ ಅಚೌರ್ಯ ವ್ರತದ ಪ್ರಕರಣವೂ ಸಂಬಂಧಿಸಿದೆ. ಅಲ್ಲಿ ಸಮಂತಭದ್ರರು ರಾಜಶಾಸನವನ್ನು ಮೀರುವ ವಿಲೋಪ, ಒಂದರಂತೆ ತೋರುವ ಇನ್ನೊಂದನ್ನು ಬೆರೆಸುವ ಸದೃಶಸನ್ಮಿಶ್ರ, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕ ವಿನಿಮಾನಗಳನ್ನು ಹೆಸರಿಸುತ್ತಾರೆ. ಕೇಂದ್ರ ಸರ್ಕಾರವು ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2017ರಲ್ಲಿ ಕಿಲೋಗೆ 251 ರೂಪಾಯಿಗೂ 2023ರಲ್ಲಿ 351 ರೂಪಾಯಿಗೂ ಏರಿಸಿತು. 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಈ ನಿರ್ಬಂಧವಿಲ್ಲದೆ ತರಲು ಅವಕಾಶ ಕೊಟ್ಟಿತು. ಇಂತಹ ನೀತಿಗಳ ಸಾಧಕಬಾಧಕ ಬೇರೆ ಚರ್ಚೆ. ಆದರೆ ಕಳ್ಳದಾರಿಯಲ್ಲಿ ಬಂದ ಅಗ್ಗದ ಅಡಿಕೆಯನ್ನು ಮಲೆನಾಡಿನ ಅಡಿಕೆಯೊಡನೆ ಬೆರೆಸಿದಾಗ ವಿಲೋಪವೂ ಸದೃಶಸನ್ಮಿಶ್ರವೂ ಏಕಕಾಲದಲ್ಲಿ ನಡೆಯುತ್ತವೆ. ಪೂರೈಕೆಯ ಹೆಸರಿನಲ್ಲಿ ಪೇಟೆಗೆ ಬಂದದ್ದು ಆಗ ಸುಳ್ಳು. ಹಣದ ಆಸೆಗೆ ಹಸಿ ಒಣಗದ ಮಾಲನ್ನೂ ಬಣ್ಣ ಹಾಕಿದ ಮಾಲನ್ನೂ ಮೂಟೆಯ ನಡುವೆ ಇಡುವ ಬೆಳೆಗಾರನೂ ಈ ದೋಷದಿಂದ ಹೊರತಲ್ಲ.

ಅಳತೆಯ ವಿಷಯವನ್ನು ಈ ಸೀಮೆಗೆ ಬೇರೆಯವರು ಕಲಿಸಬೇಕಾಗಿಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಗೇಣಿ ಅಳೆಯುವ ಕೊಳಗದ ಗಾತ್ರವು ವಿವಾದದ ಕೇಂದ್ರದಲ್ಲಿತ್ತು. ಆ ವರ್ಷದ ಜೂನಿನಲ್ಲಿ ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಹೀನಾಧಿಕ ಮಾನವು ಕೇವಲ ಅಂಗಡಿಯ ತಕ್ಕಡಿಯ ದೋಷವಲ್ಲ, ಬಲ್ಲಿದನು ಬಡವನ ಮೇಲೆ ನಡೆಸುವ ಆಳ್ವಿಕೆಯೂ ಹೌದೆಂಬುದನ್ನು ಕಾಗೋಡು ತೋರಿಸಿಕೊಟ್ಟಿತು.

ಬೇಡಿಕೆಯ ಕಡೆಗೂ ಶಾಸ್ತ್ರದ ದೃಷ್ಟಿ ಹರಿದಿದೆ. ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ದಿನಕ್ಕೋ ಪಕ್ಷಕ್ಕೋ ಮಾಸಕ್ಕೋ ಮಿತಿ ಹಾಕಿಕೊಳ್ಳಬೇಕಾದ ಭೋಗಗಳ ಪಟ್ಟಿಯಲ್ಲಿ ಸಮಂತಭದ್ರರು ತಾಂಬೂಲವನ್ನೂ ಸೇರಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. 2013ರಲ್ಲಿ ಕರ್ನಾಟಕ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತು. ಬೆಳೆಗಾರರು ಈ ವರ್ಗೀಕರಣವನ್ನು ಒಪ್ಪದೆ ವಾದಿಸುತ್ತ ಬಂದಿದ್ದಾರೆ, ಲಕ್ಷಾಂತರ ಕುಟುಂಬಗಳ ಜೀವನ ಇದರಲ್ಲಿದೆ ಎಂಬುದೂ ನಿಜ. ಆದರೂ ಮಾರುವವನಿಗೆ ಒಂದು ಪ್ರಕರಣ, ತಿನ್ನುವವನಿಗೆ ಇನ್ನೊಂದು ಪ್ರಕರಣ ಬರೆದ ಗ್ರಂಥವು ಬೇಡಿಕೆಯನ್ನು ಪ್ರಶ್ನಿಸದೆ ಬಿಟ್ಟಿಲ್ಲ. ಬೇಡಿಕೆ ಇದೆ ಎಂಬುದು ಒಂದು ಸಂಗತಿ ಮಾತ್ರ, ಸಮರ್ಥನೆಯಲ್ಲ. ತೋಟದಲ್ಲಿ ಕಾಳುಮೆಣಸು, ಏಲಕ್ಕಿ, ಬಾಳೆಗಳನ್ನು ಉಳಿಸಿಕೊಂಡ, ಗದ್ದೆಯನ್ನು ಗದ್ದೆಯಾಗಿಯೇ ಬಿಟ್ಟ ಮನೆಯವನಿಗೆ ಈ ಪ್ರಶ್ನೆಯನ್ನು ನಿರ್ಭಯವಾಗಿ ಕೇಳಿಕೊಳ್ಳಲು ಸಾಧ್ಯವಾಗುತ್ತದೆ. ಒಂದೇ ಬೆಳೆಯನ್ನು ನೆಚ್ಚಿದವನಿಗೆ ಅದನ್ನು ಕೇಳಿಕೊಳ್ಳುವ ಧೈರ್ಯ ಬರುವುದು ಕಷ್ಟ.

ಐದು ಅತಿಚಾರಗಳ ಕ್ರಮದಲ್ಲಿ ಇನ್ನೊಂದು ಅರ್ಥವಿದೆ. ಮೊದಲನೆಯದು ಪ್ರಾಣಿಗಳನ್ನು ಶಕ್ತಿ ಮೀರಿ ನಡೆಸುವುದು, ಕೊನೆಯದು ಅವುಗಳ ಮೇಲೆ ಶಕ್ತಿ ಮೀರಿ ಹೊರೆ ಹೇರುವುದು. ಸಂಗ್ರಹ, ವಿಸ್ಮಯ, ಲೋಭಗಳು ಇವೆರಡರ ನಡುವೆ ಇವೆ. ಮನಸ್ಸಿನ ಲೋಭವು ಕೊನೆಗೆ ಯಾವುದೋ ಜೀವದ ಬೆನ್ನಿನ ಮೇಲೆ ಇಳಿಯುತ್ತದೆ ಎಂಬುದೇ ಈ ಕ್ರಮದ ಧ್ವನಿ. ಜಾಲದ ಕಾರ್ಡಾಟದಲ್ಲಿ ಈ ಬೆನ್ನು ಕಣ್ಣಿಗೆ ಬೀಳುವುದಿಲ್ಲ. ಅಡಿಕೆಯಲ್ಲಿ ಬೀಳುತ್ತದೆ. ಎತ್ತಿನ ಗಾಡಿಯ ಕಾಲ ಹೋಗಿರಬಹುದು. ಆದರೆ ಮಳೆಯಲ್ಲಿ ಜಾರುವ ಮರವನ್ನು ಏರಿ ಕೊಳೆರೋಗಕ್ಕೆ ಔಷಧಿ ಹೊಡೆಯುವವನು, ಕೊನೆ ಇಳಿಸುವವನು, ರಾತ್ರಿಯವರೆಗೆ ಕುಳಿತು ಅಡಿಕೆ ಸುಲಿಯುವ ಹೆಂಗಸು ಇದ್ದೇ ಇದ್ದಾರೆ. ಧಾರಣೆ ಏರಿದಾಗ ಇವರ ಕೂಲಿ ಏರಿತೆ, ಇಳಿದಾಗ ಮೊದಲು ಕಡಿದದ್ದು ಯಾರದನ್ನು ಎಂಬ ಎರಡು ಪ್ರಶ್ನೆಗಳಿಂದ ಒಂದು ಮನೆಯ ಪರಿಗ್ರಹ ವ್ರತವನ್ನು ಅಳೆಯಬಹುದು.

ಸಮಂತಭದ್ರರು ಪರಿಮಿತ ಪರಿಗ್ರಹಕ್ಕೆ ‘ಇಚ್ಛಾಪರಿಮಾಣ’ ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಅಳತೆ ಹಾಕಬೇಕಾದದ್ದು ಮೂಟೆಗಲ್ಲ, ಇಚ್ಛೆಗೆ. ಇದರಲ್ಲಿ ವ್ಯವಹಾರದ ವಿವೇಕವೂ ಇದೆ. ಧಾರಣೆ ಏರುತ್ತಿರುವಾಗ ಯಾರೂ ಮಿತಿಯನ್ನು ಹಾಕಿಕೊಳ್ಳಲಾರರು. ಅದನ್ನು ಕೊಯ್ಲಿಗೆ ಮೊದಲೇ ಹಾಕಿಕೊಂಡಿರಬೇಕು. ಸಾಲ ತೀರಿಸಲು ಇಷ್ಟು, ಕೂಲಿಗೆ ಇಷ್ಟು, ಮನೆಯ ಖರ್ಚಿಗೆ ಇಷ್ಟು ಎಂದು ಫಸಲನ್ನು ಪಾಲು ಮಾಡಿ, ಆಯಾ ಪಾಲನ್ನು ಆಯಾ ಕಾಲಕ್ಕೆ ಮಾರಿ, ಮಾರಿದ ಮೇಲೆ ಮರುದಿನದ ಪಟ್ಟಿಯನ್ನು ನೋಡಿ ಕೊರಗದಿರುವವನು ಪೇಟೆಯಲ್ಲಿದ್ದೂ ಪೇಟೆಯ ಆಳಾಗುವುದಿಲ್ಲ. ಅವನಿಗೆ ಅತಿ ಹೆಚ್ಚಿನ ಬೆಲೆ ಎಂದೂ ಸಿಗದಿರಬಹುದು. ಅವನ ಮನೆಯಲ್ಲಿ ಕೆಲಸ ಮಾಡಿದವರ ಕೂಲಿಯೂ ಬಾಕಿ ಉಳಿಯುವುದಿಲ್ಲ.