ಅನ್ನದ ಋಣಕ್ಕೆ ಕೊಟ್ಟ ತಲೆ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಆವರಣದಲ್ಲಿ ಒಂದು ಕಂಬವಿದೆ. ಕತ್ತಿ ಹಿಡಿದು ತಮ್ಮ ಕೈಕಾಲು, ಕೊರಳುಗಳನ್ನು ತಾವೇ ಕೊಯ್ದುಕೊಳ್ಳುತ್ತಿರುವ ಗಂಡಸರನ್ನು ಅದರ ಮೇಲೆ ಕಡೆದಿದ್ದಾರೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ, ಹೆಂಡತಿ ಸುಗ್ಗಲದೇವಿಯೊಡನೆ ಪ್ರಾಣ ಕೊಟ್ಟ. ಅವನೊಂದಿಗೆ ಬಾಳಿ ಅವನೊಂದಿಗೇ ಸಾಯುವ ಭಾಷೆ ಕೊಟ್ಟಿದ್ದ ಸಾವಿರ ವೀರರೂ ಅದೇ ಹಾದಿ ಹಿಡಿದರೆಂದು ಶಾಸನ ಸಾರುತ್ತದೆ. ಅರಸನಿಗೆ ಗರುಡನಾಗುವುದೆಂದರೆ ಇದೇ.

ಸಮುರಾಯಿಗಳ ಹರಾಕಿರಿಯ ಬಗ್ಗೆ ಬೆರಗಿನಿಂದ ಮಾತಾಡುವ ನಾವು ಈ ಕಂಬದ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡೂ ಒಂದೇ ಅಲ್ಲ, ನಿಜ. ಜಪಾನಿನಲ್ಲಿ ಹೊಟ್ಟೆ ಸೀಳಿಕೊಳ್ಳುವುದು ಬಹಳ ಸಲ ಆಳುವವರು ವಿಧಿಸುತ್ತಿದ್ದ ಶಿಕ್ಷೆ; ವಧಕಾರನ ಕೈಯಲ್ಲಿ ಸಾಯುವ ಅವಮಾನ ತಪ್ಪಿಸಿ ಸಮುರಾಯಿಗೆ ಕೊಟ್ಟ ರಿಯಾಯಿತಿ. 1703ರಲ್ಲಿ ಒಡೆಯನ ಸೇಡು ತೀರಿಸಿಕೊಂಡ ಸಮುರಾಯಿಗಳಿಗೆ ಸಿಕ್ಕಿದ್ದೂ ಅದೇ. ನಮ್ಮ ಗರುಡರಿಗೆ ಹತ್ತಿರವಾದದ್ದು ಒಡೆಯ ಸತ್ತಾಗ ಬಂಟನೂ ಸಾಯುವ ಜುನ್ಶಿ ಎಂಬ ಪದ್ಧತಿ. ತೋಕುಗಾವಾ ಆಡಳಿತ 1663ರಲ್ಲಿ ಅದನ್ನು ನಿಷೇಧಿಸಿತು. ಆದರೂ 1912ರಲ್ಲಿ ಚಕ್ರವರ್ತಿ ಮೇಜಿ ತೀರಿಕೊಂಡಾಗ ಜನರಲ್ ನೋಗಿ ಮತ್ತು ಅವನ ಹೆಂಡತಿ ಪ್ರಾಣ ಕಳೆದುಕೊಂಡರು. ಅಲ್ಲಿಯೂ ಹೆಂಡತಿ ಜೊತೆಗಿದ್ದಾಳೆ. ಮಾನದ ಲೆಕ್ಕ ಗಂಡನದು, ಸಾವು ಇಬ್ಬರದು.

ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ವೇಳೆವಾಳಿ, ಜೋಳವಾಳಿ, ಲೆಂಕವಾಳಿ ಎಂಬ ಒಡೆಯನಿಷ್ಠೆಯ ಕಟ್ಟುಗಳನ್ನು ಬಿಡಿಸಿಟ್ಟ ಮೇಲೆ ಈ ಸಾವುಗಳನ್ನು ಬರೀ ಶೌರ್ಯವೆಂದು ಓದುವುದು ಕಷ್ಟ. ಉಂಡ ಜೋಳಕ್ಕೆ ಪ್ರತಿಯಾಗಿ ಜೀವ ಕೊಡಬೇಕಾದ ಕರಾರು ಅದು. ಸತ್ತ ವೀರನ ಮನೆಯವರಿಗೆ ನೆತ್ತರುಗೊಡಗೆಯಾಗಿ ಹೊಲ ಸಿಗುತ್ತಿತ್ತು, ಊರ ಮುಂದೆ ಕಲ್ಲು ನಿಲ್ಲುತ್ತಿತ್ತು. ಹಾಗೆಂದು ಅವರ ನಿಷ್ಠೆಯನ್ನು ಸುಳ್ಳೆನ್ನಲಾರೆ. ಕುವರಲಕ್ಷ್ಮನನ್ನು ಬಲ್ಲಾಳ ಮಗನಂತೆ ಬೆಳೆಸಿದ್ದ. ಅವನ ದುಃಖ ನಿಜವೇ ಇದ್ದೀತು. ನನ್ನ ತಕರಾರು ಆ ಸಾವಿರ ಮಂದಿಯ ಬಗ್ಗೆ. ದಂಡನಾಯಕನ ಗುಣಗಾನಕ್ಕೆ ಶಾಸನದಲ್ಲಿ ಧಾರಾಳ ಜಾಗವಿದೆ, ಅವರು ಮಾತ್ರ ಬರೀ ಒಂದು ಸಂಖ್ಯೆ. ಮೊದಲ ಹತ್ತು ಜನ ಮುಂದೆ ಬಂದ ಮೇಲೆ ಹನ್ನೊಂದನೆಯವನಿಗೆ ಒಲ್ಲೆ ಎನ್ನುವ ದಾರಿ ಉಳಿದಿತ್ತೇ? ಕಂಬ ನಿಲ್ಲಿಸಿದವರಿಗೆ ಈ ಪ್ರಶ್ನೆ ಬೇಕಿರಲಿಲ್ಲ. ನಮಗೆ ಬೇಕು.

ಕೊಪ್ಪಳ ಸೀಮೆಗೆ ಬಂದರೆ ವಿಚಾರ ಇನ್ನಷ್ಟು ತೊಡಕಾಗುತ್ತದೆ. ಗಂಗಾವತಿ ಕಡೆಯ ಕುಮ್ಮಟದುರ್ಗ ಕಂಪಿಲಿರಾಯನ ಕೋಟೆ. ಮಹಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದ ಅವನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಕಂಪಿಲಿಯಲ್ಲಿ ಆಶ್ರಯ ಪಡೆದ. ಬೆನ್ನಟ್ಟಿ ಬಂದ ದೆಹಲಿಯ ದಂಡಿನೆದುರು 1327ರ ಹೊತ್ತಿಗೆ ಕಂಪಿಲಿ ನೆಲಕಚ್ಚಿತು. ಕೆಲವು ವರ್ಷಗಳ ನಂತರ ಭಾರತಕ್ಕೆ ಬಂದ ಇಬ್ನ್ ಬತೂತ ಈ ಕಥೆಯನ್ನು ಬರೆದಿಟ್ಟಿದ್ದಾನೆ. ಕಾಳು ಮುಗಿದು ಕೋಟೆ ಬೀಳುವುದು ಖಚಿತವಾದಾಗ ರಾಯ ಮೊದಲು ಗುರ್ಶಾಸ್ಪನನ್ನು ಮತ್ತೊಬ್ಬ ಅರಸನ ಬಳಿಗೆ ಕಳಿಸಿದ. ಆಮೇಲೆ ದೊಡ್ಡ ಬೆಂಕಿ ಹೊತ್ತಿಸಿದ. ರಾಣಿಯರು, ಹೆಣ್ಣುಮಕ್ಕಳು, ಮಂತ್ರಿಗಳ ಮನೆಯ ಹೆಂಗಸರು ನೆಲಕ್ಕೆ ನಮಸ್ಕರಿಸಿ ಒಬ್ಬೊಬ್ಬರಾಗಿ ಅದಕ್ಕೆ ಬಿದ್ದರು. ಗಂಡಸರು ಸ್ನಾನ ಮಾಡಿ, ಗಂಧ ಹಚ್ಚಿಕೊಂಡು, ಕವಚವಿಲ್ಲದೆ ಹೊರಬಿದ್ದು ಕಡೆಯವರೆಗೂ ಕಾದಿ ಸತ್ತರು.

ಮರೆಹೊಕ್ಕವನನ್ನು ಬಿಟ್ಟುಕೊಡದ ಆ ಹಟದ ಮುಂದೆ ನಾನು ತಲೆಬಾಗುತ್ತೇನೆ. ದೋರಸಮುದ್ರದ ಮೂರನೇ ಬಲ್ಲಾಳ ಅದೇ ಗುರ್ಶಾಸ್ಪನನ್ನು ದೆಹಲಿಯವರಿಗೆ ಒಪ್ಪಿಸಿಬಿಟ್ಟ. ಸುಲ್ತಾನ ಅವನ ಚರ್ಮ ಸುಲಿಸಿದ. ಬಲ್ಲಾಳನ ರಾಜ್ಯ ಆ ಗಳಿಗೆಗೆ ಉಳಿಯಿತು, ಕಂಪಿಲಿ ಉರಿದುಹೋಯಿತು. ಇವರಿಬ್ಬರಲ್ಲಿ ಯಾರು ಮಾನವಂತರೆಂದು ಕೇಳಿದರೆ ನನ್ನ ಉತ್ತರ ಕಂಪಿಲಿರಾಯನೇ. ಆದರೆ ಆ ಮಾನ ಅವನು ಅತಿಥಿಯನ್ನು ಸುರಕ್ಷಿತವಾಗಿ ಸಾಗಹಾಕಿದ ಕ್ಷಣಕ್ಕೆ ಪೂರ್ತಿಯಾಗಿತ್ತು. ಬೆಂಕಿ ಅದಕ್ಕೆ ಏನನ್ನೂ ಸೇರಿಸಲಿಲ್ಲ. ಸೋತ ಕೋಟೆಯ ಹೆಂಗಸರಿಗೆ ಕಾದಿದ್ದ ದುರ್ಗತಿಯನ್ನು ನಾನು ಮರೆತಿಲ್ಲ. ಆ ಭಯ ನಿಜ. ಭಯಕ್ಕೆ ಸಿಕ್ಕಿದ ಸಾವನ್ನು ತ್ಯಾಗವೆಂದು ಹಾಡಿ ಹೊಗಳುವುದು ಮಾತ್ರ ಸಾವಿನ ಹೊಣೆಯನ್ನು ಸತ್ತವರ ತಲೆಗೇ ಕಟ್ಟುತ್ತದೆ.

ನಮ್ಮ ಕಾವ್ಯಗಳೂ ಈ ವಿಷಯದಲ್ಲಿ ಪೂರ್ತಿ ನ್ಯಾಯವಾಗಿ ನಡೆದುಕೊಂಡಿಲ್ಲ. ನಂಜುಂಡ ಕವಿಯಿಂದ ಹಿಡಿದು ಕಂಪಿಲಿರಾಯನ ಮಗ ಕುಮಾರರಾಮನನ್ನು ಹಾಡಿದವರಿಗೆ ಅವನು ಮೊದಲಿಗೆ ಪರನಾರೀಸಹೋದರ. ಮಲತಾಯಿ ರತ್ನಾಜಿಯ ಮೋಹ, ಅವಳ ಸುಳ್ಳುದೂರು, ತಲೆ ತೆಗೆಯಲು ತಂದೆ ಕೊಟ್ಟ ಅಪ್ಪಣೆ, ಮಂತ್ರಿ ಬೈಚಪ್ಪ ಅವನನ್ನು ಅಡಗಿಸಿಟ್ಟ ಜಾಣ್ಮೆ, ಹೀಗೆ ಕಥೆಯ ತೂಕವೆಲ್ಲ ಅತ್ತ ವಾಲುತ್ತದೆ. ಆಶ್ರಯ ಕೊಟ್ಟ ರಾಜಕೀಯ ಧೈರ್ಯ ಪಕ್ಕಕ್ಕೆ ಸರಿದು, ಒಬ್ಬ ಹೆಂಗಸಿನ ಕಾಮ ಮುಂದೆ ಬಂದು ಕೂರುತ್ತದೆ. ಜನ ರಾಮನನ್ನು ದೇವರಾಗಿಸಿದ್ದರಲ್ಲಿ ನನಗೆ ಪ್ರೀತಿಯೇ ಕಾಣುತ್ತದೆ, ಅದರ ಬಗ್ಗೆ ಆಕ್ಷೇಪವಿಲ್ಲ. ರತ್ನಾಜಿಗೆ ಸಿಕ್ಕ ಹೆಸರಿನಷ್ಟಾದರೂ ಆ ಬೆಂಕಿಗೆ ಬಿದ್ದ ಹೆಣ್ಣುಮಕ್ಕಳಿಗೆ ಸಿಗಬೇಕಿತ್ತು.

ಇನ್ನೊಂದು ಸಂಗತಿಯನ್ನು ಜಾತ್ರೆಯ ಹಾಡುಗಳಾಗಲಿ ವೇದಿಕೆಯ ಭಾಷಣಗಳಾಗಲಿ ಹೇಳುವುದಿಲ್ಲ. ಕಂಪಿಲಿರಾಯನ ಹನ್ನೊಂದು ಗಂಡುಮಕ್ಕಳು ಸೆರೆಸಿಕ್ಕಿ ಬದುಕಿದರು, ದೆಹಲಿಯಲ್ಲಿ ಮುಸಲ್ಮಾನರಾಗಿ ಸುಲ್ತಾನನ ಬಳಿ ಮರ್ಯಾದೆಯಿಂದಲೇ ಇದ್ದರು ಎನ್ನುತ್ತಾನೆ ಇಬ್ನ್ ಬತೂತ. ಅವರಲ್ಲಿ ಮೂವರನ್ನು, ನಸ್ರ್, ಬಖ್ತಿಯಾರ್ ಮತ್ತು ಸುಲ್ತಾನನ ಮುದ್ರೆಯ ಅಧಿಕಾರಿಯಾಗಿದ್ದ ಅಬು ಮುಸ್ಲಿಮನನ್ನು, ಅವನು ಕಂಡಿದ್ದ. ಕೊನೆಯವನೊಡನೆ ಸ್ನೇಹವೂ ಇತ್ತು. ಸಾಯದೆ ಉಳಿದವರನ್ನು ಹೇಡಿಗಳೆನ್ನುವ ಸಂಪ್ರದಾಯ ಜಪಾನಿನಲ್ಲೂ ಇತ್ತು, ಇಲ್ಲೂ ಇದೆ. ನಾನು ಹಾಗೆನ್ನಲಾರೆ. ಮನೆಯವರೆಲ್ಲ ಉರಿದುಹೋದ ಮೇಲೆ, ಹುಟ್ಟಿನ ಹೆಸರು ಕಳೆದುಕೊಂಡು, ತಂದೆಯನ್ನು ಕೊಂದವನ ಅರಮನೆಯಲ್ಲೇ ದಿನ ದೂಡಿದ ಈ ಮಕ್ಕಳ ಬಾಳಿಗೂ ಕುಮ್ಮಟದ ಕಥೆಯಲ್ಲಿ ಒಂದು ಅಧ್ಯಾಯ ಸಲ್ಲಬೇಕು.