ಲೆಕ್ಕ ಯಾರದು, ಬರೆಯುವವರು ಯಾರು?

ಬಿಸಿನೆಸ್ ಅನಾಲಿಟಿಕ್ಸ್ ಅಂದರೆ ವ್ಯಾಪಾರದ ಅಂಕಿಅಂಶ ಜಾಲಾಡಿ ಲಾಭನಷ್ಟದ ಗುಟ್ಟು ಹಿಡಿಯೋದು. ಕುಮಟೆಯ ಅಘನಾಶಿನಿ ಅಳಿವೆಯಲ್ಲಿ ಬಳಚು ಆರಿಸುವವಳು, ಹೊನ್ನಾವರದಲ್ಲಿ ಮೀನು ಮಾರುವವಳು, ಭಟ್ಕಳದಲ್ಲಿ ಮಲ್ಲಿಗೆ ಕಟ್ಟುವವಳು ಈ ಲೆಕ್ಕವನ್ನು ದಿನಾ ಬಾಯಲ್ಲೇ ಮಾಡ್ತಾರೆ. ಅದಕ್ಕೆ ಡಿಗ್ರಿಯಿಲ್ಲ, ದುಡ್ಡೂ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಘನಾಶಿನಿಯ ಬಳಚಿಗೆ ಬೆಲೆ ಕಟ್ಟಿ ವರದಿ ಬರೆದರು. ಒಳ್ಳೆಯದೇ. ಆದರೆ ಬಳಚು ಆರಿಸುವವಳ ಮಗಳ ಕೈಗೆ ಆ ಪೆನ್ನು ಬರೋದು ಯಾವಾಗ?

ಪದವಿಯ ನಾಲ್ಕನೇ ವರ್ಷ ಸಂಶೋಧನೆ ಮಾಡಬೇಕಾದರೆ ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಅಂಕ ಬೇಕೆಂದು ಯುಜಿಸಿ 2022ರಲ್ಲಿ ಹೇಳಿತು. ಇಳಿತದ ಹೊತ್ತಿಗೆ ಹೊಳೆಗಿಳಿದು ಆಮೇಲೆ ಬಸ್ಸು ಹಿಡಿಯುವವಳಿಗೆ ಇದು ಅರ್ಹತೆಯಲ್ಲ, ಬೇಲಿ. ಕರ್ನಾಟಕ 2021ರಲ್ಲಿ ತಂದ ನಾಲ್ಕು ವರ್ಷದ ಪದವಿಯನ್ನು 2024ರಲ್ಲಿ ಕೈಬಿಟ್ಟಿತು. ಬೇಲಿ ಹೋಯ್ತು, ಜೊತೆಗೆ ಗದ್ದೆಯೂ ಹೋಯ್ತು!

ದಾರಿಯೇ ಇಲ್ಲವೆ ಗೆಳೆಯರೆ? ಇದೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೇಷ್ಟರ ಮಾರ್ಗದರ್ಶನದಲ್ಲಿ ಮಾಡುವ ಪ್ರಾಜೆಕ್ಟುಗಳಿಗೆ ಹಣ ಕೊಡ್ತಾ ಬಂದಿದೆ. ಬಿ.ಕಾಂ. ಓದುವ ನಮ್ಮ ಹುಡುಗಿಗೂ ಸರ್ಕಾರ ಹಾಗೇ ಕೊಡಲಿ: ಬಸ್ ಚಾರ್ಜು, ತಪ್ಪಿದ ದಿನಗೂಲಿ, 'ನಿನಗೇನು ಗೊತ್ತು' ಅನ್ನದ ಒಬ್ಬ ಮೇಷ್ಟ್ರು. ದಲ್ಲಾಳಿ ಎಷ್ಟು ತಿಂದ, ತನ್ನವ್ವನಿಗೆ ಎಷ್ಟು ಉಳೀತು, ಅವಳೇ ಬರೀಲಿ.