ಬಳ್ಳಿಗಾವೆಯ ಶಾಸನಗಳಲ್ಲಿ ಸರಕುಸಾಗಣೆ: ದತ್ತಸಂಚಯಕ್ಕೆ ಸೇರಿಸುವ ಕ್ರಮದ ವಿಚಾರ

ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿದ್ದ ಬಳ್ಳಿಗಾವೆಯು ಶಿಕಾರಿಪುರ ತಾಲ್ಲೂಕಿನಲ್ಲಿಯೂ, ಉದ್ಧರೆ, ಕುಪ್ಪಟೂರುಗಳು ಸೊರಬ ತಾಲ್ಲೂಕಿನಲ್ಲಿಯೂ ಇವೆ. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ರೈಸ್ ಮಹಾಶಯರು ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ 1902, 1904ರಲ್ಲಿ ಪ್ರಕಟಿಸಿದರು. ಅರಸನನ್ನೂ ಕಾಲವನ್ನೂ ಅರಸುವವರಿಗೆ ಆ ಸಂಪುಟಗಳು ಸುಗಮ. ಸರಕು ಯಾವ ವಾಹನದ ಮೇಲೆ ಬಂದಿತೆಂದು ಕೇಳುವವರು ಪಾಠವನ್ನೆಲ್ಲ ಮಥಿಸಬೇಕು. ಗಣಕಯಂತ್ರದ ದತ್ತಸಂಚಯದಿಂದ ಈ ಕೊರತೆ ನೀಗುವುದೆಂಬುದು ನಿಜ. ಆದರೆ ಶಾಸನದ ವಾಕ್ಯವನ್ನು ಬಿಡಿಸಿ ಕೋಷ್ಠಕದಲ್ಲಿ ತುಂಬುವಾಗ ವಾಕ್ಯದ ಜಾತಿಯನ್ನು ಮೊದಲು ನಿಶ್ಚಯಿಸಬೇಕಾಗುತ್ತದೆ.

ಶಿಕಾರಿಪುರದ 118ನೆಯ ಶಾಸನವನ್ನು ತೆಗೆದುಕೊಳ್ಳಬಹುದು. 11ನೆಯ ಶತಮಾನದ ಮಧ್ಯಭಾಗದ ಈ ಶಾಸನದಲ್ಲಿ ವರ್ತಕಸಂಘದ ದೀರ್ಘ ಪ್ರಶಸ್ತಿಯಿದೆ. ಸ್ಥಲಪಥ ಜಲಪಥಗಳು, ಆನೆ ಕುದುರೆಗಳು, ರತ್ನಗಳು, ಏಲಕ್ಕಿ ಲವಂಗ ಕರ್ಪೂರಗಳು, ಸಗಟಾಗಿ ಮಾರುವುದು, ಹೆಗಲ ಮೇಲೆ ಹೊತ್ತು ಮಾರುವುದು — ಎಲ್ಲವೂ ಅಲ್ಲಿ ಬರುತ್ತವೆ. ಅವಸರದ ಲೇಖಕನು ಇದನ್ನು ಕಂಡೊಡನೆ ‘ಬಳ್ಳಿಗಾವೆ: ನೆಲ, ನೀರು’ ಎಂದು ಬರೆದುಬಿಡುವನು. ಸೊರಬದ ಸೀಮೆಯಲ್ಲಿ ವರದಾನದಿ ಹರಿಯುತ್ತಿರುವುದೂ ಆ ಭ್ರಾಂತಿಗೆ ಆಸರೆಯಾಗುವುದು.

ಇಲ್ಲಿ ಮೀಮಾಂಸಕರ ವಿಭಾಗವು ಉಪಯುಕ್ತವಾಗಿದೆ. ಪ್ರಶಸ್ತಿಯು ಅರ್ಥವಾದ, ದಾನಭಾಗವು ವಿಧಿ. ಇಂದ್ರನು ಕಾವಲುಗಾರ, ವರುಣನು ಧ್ವಜಧಾರಿ ಎಂಬುದು ಪ್ರತ್ಯಕ್ಷವಿರುದ್ಧವಾದುದರಿಂದ ಗುಣವಾದ. ಜಲಪಥದ ಮಾತು ಹಾಗಲ್ಲ. ಐನೂರ್ವರ ಹೆಸರು ಸುಮಾತ್ರಾ ದ್ವೀಪದ ಲೋಬು ತುವದ 1088ರ ತಮಿಳು ಶಾಸನದಲ್ಲಿಯೂ ಕಾಣುವುದರಿಂದ ಅದು ಅನುವಾದವೆನಿಸುತ್ತದೆ. ಆದರೂ ಅದು ಸಂಘದ ವಿಷಯದಲ್ಲಿ ಸತ್ಯವೇ ಹೊರತು ಬಳ್ಳಿಗಾವೆಯ ಸಂತೆಗೆ ದೋಣಿ ಬಂದಿತೆಂಬುದಕ್ಕೆ ಪ್ರಮಾಣವಾಗದು. ಅರ್ಥವಾದವನ್ನು ಪೂರ್ತಿಯಾಗಿ ತಳ್ಳಿಹಾಕುವವರೂ ತಪ್ಪುತ್ತಾರೆ. ಅದಕ್ಕೆ ಬೇರೆ ಕೋಷ್ಠಕವಿದ್ದರೆ ಸಾಕು.

ಇನ್ನು ವಿಧಿಭಾಗ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ದತ್ತಿಗಳು ವಾಸ್ತವಕ್ಕೆ ಹತ್ತಿರವಾದವು. ಭಂಡಿಗೆ ಇಷ್ಟು, ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ವಿಧಿಸುವ ಶಾಸನಗಳಲ್ಲಿ ವಾಹನಭೇದವು ಸುಂಕದ ಭೇದದಿಂದಲೇ ಸಿದ್ಧವಾಗುತ್ತದೆ. ಆದರೆ ಇದು ದರಪಟ್ಟಿ, ಪ್ರಯಾಣದ ಲೆಕ್ಕವಲ್ಲ. ಎಲೆಯ ಹೇರಿಗೆ ಸುಂಕವನ್ನು ಬಿಟ್ಟುಕೊಟ್ಟರೆಂಬುದರಿಂದ ವರ್ಷಕ್ಕೆ ಎಷ್ಟು ಹೇರುಗಳು ಬಂದುವೆಂದು ತಿಳಿಯದು. ದರವನ್ನು ಸಾಗಣೆಯ ಸಾಲಿನಲ್ಲಿ ಬರೆದರೆ ಮುಂದೆ ಯಾರಾದರೂ ಸಾಲುಗಳನ್ನೆಣಿಸಿ ವ್ಯಾಪಾರದ ಏರಿಳಿತವನ್ನು ಹೇಳಲು ಹೊರಡುವರು. ಎಣಿಸಿದ್ದು ಉಳಿದುಬಂದ ಕಲ್ಲುಗಳನ್ನು ಮಾತ್ರ! ಹೇರನ್ನು ಕಿಲೋಗ್ರಾಮಿಗೆ ಇಳಿಸುವುದೂ ಅನುಚಿತ. ಎತ್ತಿನ ಹೇರು ಕತ್ತೆಯ ಹೇರಿಗೆ ಸಮವಲ್ಲ.

ಇಂದಿನ ದತ್ತಸಂಚಯದ ಚೌಕಟ್ಟು ಬೇರೊಂದು ವ್ಯವಹಾರಕ್ಕೆ ಹುಟ್ಟಿದುದು. ಭಾರತದ 1993ರ ಬಹುವಿಧ ಸಾಗಣೆಯ ಅಧಿನಿಯಮದಂತೆ ಎರಡು ಅಥವಾ ಹೆಚ್ಚು ಬಗೆಯ ವಾಹನಗಳಿಗೆ ಒಂದೇ ಒಪ್ಪಂದ, ಹೊರಟ ಸ್ಥಳದಿಂದ ತಲಪುವ ಸ್ಥಳದವರೆಗೆ ಒಬ್ಬನೇ ಹೊಣೆಗಾರ. ದತ್ತಿಶಾಸನವಾದರೋ ಒಂದು ಸುಂಕದ ಸ್ಥಳದಲ್ಲಿ ನಿಂತು ನೋಡಿದ ನೋಟ. ಸರಕಿನ ಹಿಂದಿನ ಹಾದಿಯಾಗಲಿ ಮುಂದಿನದಾಗಲಿ ಅದಕ್ಕೆ ಬೇಕಿಲ್ಲ. ಆದಕಾರಣ ‘ಹೊರಟ ಊರು’ ‘ತಲಪಿದ ಊರು’ ಎಂಬ ಮನೆಗಳನ್ನು ಊಹೆಯಿಂದ ತುಂಬದೆ ಬರಿದಾಗಿ ಬಿಡುವುದು ಯುಕ್ತ. ಪ್ರತಿ ಸಾಲಿನಲ್ಲಿಯೂ ಶಾಸನದ ಸಂಖ್ಯೆ, ಪಂಕ್ತಿ, ಮೂಲದ ಪದ — ಹೊರೆಯಾದರೆ ಹೊರೆ, ಹೇರಾದರೆ ಹೇರು — ಇದ್ದಂತೆಯೇ ಇರತಕ್ಕದ್ದು.